ಕೊಂಬು ಊದದ ರೋಲಾಂಡ್ ವೀರನೇ?

ಓದುಗರ ಪತ್ರ: ಯುರೋಪಿನ ಮಧ್ಯಯುಗದ ವೀರಕಥೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ನೋಡಿ ‘ರೋಲಾಂಡನ ಹಾಡು’ ಕಾವ್ಯವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಬೇಸರವಾಯಿತು. ಶಾರ್ಲಮೇನ್ ದೊರೆಯ ಸೈನ್ಯದ ಹಿಂದಳ ಕಾಯುವ ರೋಲಾಂಡ್, ಶತ್ರುಗಳು ಮೇಲೆ ಬಿದ್ದಾಗ ಕೊಂಬು ಊದಿದ್ದರೆ ದೊರೆಯ ಸೈನ್ಯ ಬರುತ್ತಿತ್ತು. ಈತ ಹಟಕ್ಕೆ ಬಿದ್ದು ಇಪ್ಪತ್ತು ಸಾವಿರ ಜನರನ್ನು ಸಾವಿಗೆ ದೂಡಿದ. ಇವನನ್ನು ವೀರನೆಂದು ಒಪ್ಪುವುದು ಹೇಗೆ? ನೈಟ್‌ಗಳ (ಕುದುರೆಯೇರಿ ಕಾದುವ ಯೋಧರ) ಕಥೆಗಳಲ್ಲಿ ಹೊಗಳಿಕೆ ಬಿಟ್ಟು ಬೇರೇನಾದರೂ ಇದೆಯೇ? ಇದ್ದರೆ ಮುಂದೆ ಯಾವುದನ್ನು ಓದಲಿ? (ಶಿವಮೊಗ್ಗದ ಓದುಗರು)

ಸಂಪಾದಕರ ಉತ್ತರ: ನೀವು ಕೇಳಿದ ಪ್ರಶ್ನೆಯನ್ನು ಕಾವ್ಯದೊಳಗೇ ಒಬ್ಬ ಕೇಳುತ್ತಾನೆ. ಅವನು ರೋಲಾಂಡನ ಜೀವದ ಗೆಳೆಯ ಆಲಿವರ್. ಕವಿಯ ಮಾತಿನಲ್ಲಿ ರೋಲಾಂಡ್ ಶೂರ, ಆಲಿವರ್ ವಿವೇಕಿ, ಇಬ್ಬರ ಪರಾಕ್ರಮವೂ ಸಮ. ಆಮೇಲೆ ಕವಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಾದಕ್ಕೆ ಬಿಡುತ್ತಾನೆ. ಈ ಸಾಹಿತ್ಯದಲ್ಲಿ ಓದಬೇಕಾದದ್ದು ಇಂಥ ಜಾಗಗಳನ್ನೇ: ಎರಡು ಒಳ್ಳೆಯ ಕರ್ತವ್ಯಗಳು ಡಿಕ್ಕಿ ಹೊಡೆದು, ಒಂದನ್ನು ಉಳಿಸಲು ಇನ್ನೊಂದನ್ನು ಮುರಿಯಲೇಬೇಕಾದ ಜಾಗಗಳನ್ನು.

ಕೊಂಬಿನ ಪ್ರಸಂಗವನ್ನೇ ಇನ್ನೊಮ್ಮೆ ಓದಿ. ಕೊಂಬು ಊದು ಎಂದು ಆಲಿವರ್ ಸಾಲಾಗಿ ಮೂರು ಪದ್ಯಖಂಡಗಳಲ್ಲಿ, 83ರಿಂದ 85ರವರೆಗೆ, ಕೇಳುತ್ತಾನೆ. ಹೇಳಿದ್ದನ್ನೇ ಹೇಳುತ್ತಿದ್ದಾರೆಂದು ಬಹಳ ಜನ ಇಲ್ಲಿ ಪುಟ ಹಾರಿಸುತ್ತಾರೆ. ಉತ್ತರಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ರೋಲಾಂಡ್ ಹೇಳುವುದು ತನ್ನ ಕೀರ್ತಿ ಹೋಗುತ್ತದೆ ಎಂದು. ಎರಡನೆಯ ಸಲ, ತನ್ನಿಂದ ಬಂಧುಗಳಿಗೆ ನಿಂದೆ ಬರಬಾರದು, ಫ್ರಾನ್ಸಿಗೆ ಕುಂದು ಬರಬಾರದು ಎಂದು. ಮೂರನೆಯ ಸಲ, ಶತ್ರುವಿಗೆ ಹೆದರಿ ಕೊಂಬೂದಿದನೆಂಬ ಮಾತು ಯಾರ ಬಾಯಲ್ಲೂ ಬರಬಾರದು ಎಂದು. ರನ್ನನ ದುರ್ಯೋಧನ ಭೀಷ್ಮನೆದುರು ನಿಂತು, ನೆಲಕ್ಕಲ್ಲ ಛಲಕ್ಕೆ ಕಾದುತ್ತೇನೆ ಎನ್ನುವುದು ನಿಮಗೆ ನೆನಪಾದೀತು. ಆದರೆ ಆ ಛಲ ಅವನೊಬ್ಬನದು. ರೋಲಾಂಡ್ ತನ್ನ ಕುಲದ ಹೆಸರನ್ನೂ ದೇಶದ ಮರ್ಯಾದೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬೇಡವೆನ್ನುತ್ತಾನೆ. ಅವನ ಮಟ್ಟಿಗೆ ಅದು ಕರ್ತವ್ಯ.

ಮುಂದೆ ಅರವತ್ತು ಜನ ಮಾತ್ರ ಉಳಿದಾಗ ಅವನೇ ಕೊಂಬು ಊದಲು ಹೊರಡುತ್ತಾನೆ. ಈಗ ಬೇಡವೆನ್ನುವ ಸರದಿ ಆಲಿವರನದು. ಫ್ರಾಂಕರು ಸತ್ತದ್ದು ನಿನ್ನ ದುಡುಕಿನಿಂದ, ಶೌರ್ಯಕ್ಕೆ ವಿವೇಕ ಬೇಕು, ಹುಚ್ಚು ಸಾಹಸಕ್ಕಿಂತ ಅಳತೆಯರಿತ ನಡೆ ಮೇಲು ಎಂದು ಮುಖಕ್ಕೇ ಹೇಳುತ್ತಾನೆ. ತನ್ನ ತಂಗಿ ಆಡ್‌ಳನ್ನು ಅವನಿಗೆ ಕೊಡುವುದಿಲ್ಲ ಎಂದೂ ಹೇಳಿಬಿಡುತ್ತಾನೆ. ಜಗಳ ಬಿಡಿಸುವವನು ಆರ್ಚ್‌ಬಿಷಪ್ ಟರ್ಪಿನ್. ಕೊಂಬು ಈಗ ನಮ್ಮನ್ನು ಉಳಿಸದು, ಆದರೂ ಊದು. ದೊರೆ ಬಂದು ಸೇಡು ತೀರಿಸಿಕೊಳ್ಳಲಿ, ನಮ್ಮ ಹೆಣಗಳು ತೋಳ, ಹಂದಿ, ನಾಯಿಗಳ ಪಾಲಾಗದೆ ಮಣ್ಣು ಕಾಣಲಿ ಎನ್ನುತ್ತಾನೆ. ರೋಲಾಂಡ್ ಎಷ್ಟು ಬಲವಾಗಿ ಊದುತ್ತಾನೆಂದರೆ ಅವನ ಕಪಾಲವೇ ಬಿರಿಯುತ್ತದೆ. ಅವನನ್ನು ಕೊಲ್ಲುವುದು ಶತ್ರುವಿನ ಕತ್ತಿಯಲ್ಲ, ತಡವಾಗಿ ಊದಿದ ಆ ಕೊಂಬು. ಬರೀ ಹೊಗಳುವ ಕವಿ ತನ್ನ ನಾಯಕನಿಗೆ ಇಂಥ ಸಾವು ಕೊಡುತ್ತಿರಲಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಇತಿಹಾಸದಲ್ಲಿ ನಡೆದದ್ದು ಚಿಕ್ಕ ಘಟನೆ. 778ರ ಆಗಸ್ಟ್ 15ರಂದು ಪಿರಿನೀಸ್ ಬೆಟ್ಟಗಳಲ್ಲಿ ಶಾರ್ಲಮೇನನ ಸೈನ್ಯದ ಹಿಂದಳದ ಮೇಲೆ ಬಾಸ್ಕ್ ಜನ ಬಿದ್ದರು. ಮಡಿದವರಲ್ಲಿ ಬ್ರಿಟನಿ ಗಡಿಯ ಅಧಿಕಾರಿ ರೋಲಾಂಡನೂ ಇದ್ದನೆಂದು ದೊರೆಯ ಚರಿತ್ರೆ ಬರೆದ ಐನ್‌ಹಾರ್ಡ್ ತಿಳಿಸುತ್ತಾನೆ. ಸುಮಾರು 1100ರ ಹೊತ್ತಿಗೆ ಬಾಸ್ಕರ ಜಾಗದಲ್ಲಿ ಮುಸ್ಲಿಂ ಸೈನ್ಯ ಬಂದು, ಕಥೆ ನಾಲ್ಕು ಸಾವಿರ ಸಾಲಿನ ಧರ್ಮಯುದ್ಧವಾಯಿತು. ಅನ್ಯಮತದವರ ಬಗ್ಗೆ ಅದರಲ್ಲಿರುವ ಮಾತುಗಳು ಕ್ರೂಸೇಡ್ ಕಾಲದ ದ್ವೇಷದಿಂದ ಬಂದವು. ಅವನ್ನು ಹಾಗೆಂದೇ ತಿಳಿದು ಓದಬೇಕು.

ಹೆಣ್ಣು, ಪ್ರೇಮ, ಒಂಟಿ ಸವಾರನ ಅಲೆದಾಟ, ಇವೆಲ್ಲ ಮುನ್ನೆಲೆಗೆ ಬರುವುದು ಆಮೇಲೆ. ಅದರ ದೊಡ್ಡ ಕವಿ ಹನ್ನೆರಡನೆಯ ಶತಮಾನದ ಕ್ರೆತಿಯೆನ್ ದ ತ್ರುವಾ. ಅವನ ಲಾನ್ಸಲಾಟ್ ಕಥೆಯಲ್ಲಿ, ಅಪಹರಣವಾದ, ಆರ್ಥರ್ ದೊರೆಯ ರಾಣಿಯ ಸುಳಿವು ಬೇಕಾದರೆ ಕಳ್ಳರನ್ನೂ ಕೊಲೆಗಾರರನ್ನೂ ಮೆರವಣಿಗೆ ಮಾಡಿಸುವ ಗಾಡಿ ಹತ್ತಬೇಕು. ಅವಳನ್ನು ಪ್ರೀತಿಸುವ ನೈಟ್ ಲಾನ್ಸಲಾಟ್ ಎರಡು ಹೆಜ್ಜೆಯಷ್ಟು ಹೊತ್ತು ಅನುಮಾನಿಸಿ ಹತ್ತುತ್ತಾನೆ. ಲೋಕ ಅವನನ್ನು ಹಳಿಯುವುದು ಗಾಡಿ ಹತ್ತಿದ್ದಕ್ಕೆ. ರಾಣಿ ಮುನಿಯುವುದು ಆ ಎರಡು ಹೆಜ್ಜೆಗೆ.

ಅದೇ ಕಥೆಯ ಇನ್ನೊಂದು ಪ್ರಸಂಗ ಇದಕ್ಕಿಂತ ಬಿಗಿಯಾಗಿದೆ. ಅದು ಅರ್ಥವಾಗಲು ಕಾಳಗದ ಕ್ರಮ ಗೊತ್ತಿರಬೇಕು. ಮೊದಲು ಭರ್ಜಿಯನ್ನು ಕಂಕುಳಲ್ಲಿ ಒತ್ತಿಹಿಡಿದು ಕುದುರೆ ಓಡಿಸುತ್ತಾರೆ. ಭರ್ಜಿ ಮುರಿದು ಸವಾರರು ನೆಲಕ್ಕೆ ಬಿದ್ದ ಮೇಲೆ ಕತ್ತಿ ಹಿಡಿದು ಕಾಲಾಳುಗಳಂತೆ ಕಾದುತ್ತಾರೆ. ಒಬ್ಬ ಸೋತಾಗ ಗೆದ್ದವನು ಅವನ ಶಿರಸ್ತ್ರಾಣ ಕಳಚುತ್ತಾನೆ. ಸೋತವನು ಪ್ರಾಣಭಿಕ್ಷೆ ಕೇಳುತ್ತಾನೆ. ಎಷ್ಟೋ ಕಥೆಗಳಲ್ಲಿ ಸೋತವನನ್ನು ಆರ್ಥರನ ಆಸ್ಥಾನಕ್ಕೆ ಕಳಿಸುವುದೂ ಉಂಟು, ಏಕೆಂದರೆ ಗೆದ್ದವನ ಕೀರ್ತಿಗೆ ಸೋತವನ ಬಾಯಿಮಾತೇ ಸಾಕ್ಷಿ. ಇಲ್ಲಿ ಸೋತವನು ಜೀವ ಬೇಡುತ್ತಿರುವಾಗಲೇ ಕನ್ಯೆಯೊಬ್ಬಳು ಬಂದು ಅವನ ತಲೆಯನ್ನು ದಾನವಾಗಿ ಕೇಳುತ್ತಾಳೆ. ಬೇಡಿದವನಿಗೆ ಕರುಣೆ ತೋರಬೇಕು, ಕೇಳಿದವಳಿಗೆ ಇಲ್ಲವೆನ್ನಬಾರದು. ಎರಡೂ ನೈಟ್‌ನ ಧರ್ಮವೇ. ಲಾನ್ಸಲಾಟ್ ಸೋತವನಿಗೆ ಹೊಸ ಶಿರಸ್ತ್ರಾಣ ಕೊಡಿಸಿ, ತಾನು ನಿಂತ ಜಾಗ ಬಿಟ್ಟು ಕದಲುವುದಿಲ್ಲವೆಂದು ಮಾತು ಕೊಟ್ಟು, ಮತ್ತೆ ಕಾದಲು ಕರೆಯುತ್ತಾನೆ. ಕರುಣೆಯ ಋಣ ಅಲ್ಲಿಗೆ ತೀರಿತು. ಎರಡನೆಯ ಸಲವೂ ಗೆದ್ದಾಗ ತಲೆ ಕಡಿದು ಕೊಡುತ್ತಾನೆ. ಇದು ನ್ಯಾಯವೇ ಎಂದು ಕವಿ ಹೇಳುವುದಿಲ್ಲ. ನಮಗೂ ಈ ಪ್ರಸಂಗ ಸುಲಭವಾಗಿ ಜೀರ್ಣವಾಗುವಂಥದ್ದಲ್ಲ.

ಈ ಕಾಳಗಗಳನ್ನು ಓದುವಾಗ ಸಿನಿಮಾದಲ್ಲಿ ಕಂಡ, ಮೈತುಂಬ ಉಕ್ಕಿನ ತಗಡು ಹೊದ್ದ ಸವಾರನನ್ನು ಮರೆಯಿರಿ. ಅದು ಹದಿನೈದನೆಯ ಶತಮಾನದ ವೇಷ. ಕ್ರೆತಿಯೆನ್ ಕಾಲದವರು ತೊಡುತ್ತಿದ್ದದ್ದು ಕಬ್ಬಿಣದ ಸಣ್ಣ ಬಳೆಗಳನ್ನು ಹೆಣೆದ, ಹತ್ತು ಹದಿನೈದು ಕಿಲೋ ತೂಗುವ ಅಂಗಿ. ಬಳೆಗಳು ಚಿಮ್ಮಿ ಉದುರಿದವು ಎಂಬ ವರ್ಣನೆ ಆಗ ಮಾತ್ರ ಕಣ್ಣಿಗೆ ಕಟ್ಟುತ್ತದೆ.

ನಿಜವಾದ ನೈಟ್‌ಗಳಿಗೆ ಕಾಳಗವೆಂದರೆ ಸಂಪಾದನೆಯೂ ಹೌದು. 1219ರಲ್ಲಿ ತೀರಿಕೊಂಡ ಇಂಗ್ಲೆಂಡಿನ ನೈಟ್ ವಿಲಿಯಂ ಮಾರ್ಷಲ್ ಬಗ್ಗೆ ಹತ್ತೊಂಬತ್ತು ಸಾವಿರ ಸಾಲಿಗೂ ಮೀರಿದ ಪದ್ಯಚರಿತ್ರೆಯಿದೆ. ಅವನೂ ಒಬ್ಬ ಪಾಲುದಾರನೂ ಸೇರಿ ಹತ್ತು ತಿಂಗಳ ಕಾಳಗದ ಪಂದ್ಯಗಳಾದ ಟೂರ್ನಮೆಂಟ್‌ಗಳಲ್ಲಿ 103 ನೈಟ್‌ಗಳನ್ನು ಸೆರೆಹಿಡಿದು ಹಣ ಗಳಿಸಿದ್ದನ್ನು ಅದು ಹೆಮ್ಮೆಯಿಂದಲೇ ದಾಖಲಿಸುತ್ತದೆ. ಸೋತವನನ್ನು ಉಳಿಸುವುದರಲ್ಲಿ ಕರುಣೆಯ ಜೊತೆ ಒತ್ತೆಹಣದ ಆಸೆಯೂ ಇತ್ತು. ಹಣ ಕೊಡಲಾಗದ ರೈತನಿಗೆ ಆ ಕರುಣೆ ದೊರೆಯುವ ಭರವಸೆಯಿರಲಿಲ್ಲ. ಬಡವರು ಈ ಕಥೆಗಳಲ್ಲಿ ಕಾಣುವುದೇ ಅಪರೂಪ. ಕಾಣುವ ಒಂದು ಜಾಗವನ್ನು ಬಿಡಬೇಡಿ: ಕ್ರೆತಿಯೆನ್‌ನ ‘ಈವೇನ್’ ಕಥೆಯಲ್ಲಿ ಕೋಟೆಯೊಂದರಲ್ಲಿ ಕೂಡಿಹಾಕಿದ ಮುನ್ನೂರು ಹುಡುಗಿಯರು ರೇಷ್ಮೆ ಕೆಲಸ ಮಾಡುತ್ತಾರೆ. ದುಡಿದ ಪ್ರತಿ ಪೌಂಡ್ ಹಣಕ್ಕೆ ನಮಗೆ ಸಿಗುವುದು ನಾಲ್ಕೇ ದೆನಿಯೆ ಕಾಸು, ಯಾರಿಗಾಗಿ ದುಡಿಯುತ್ತೇವೋ ಅವರು ಸಿರಿವಂತರಾಗುತ್ತಾರೆ ಎನ್ನುತ್ತಾರೆ. ಒಂದು ಪೌಂಡಿಗೆ 240 ದೆನಿಯೆ. ಎಂದರೆ ಅರವತ್ತರಲ್ಲಿ ಒಂದು ಪಾಲು.

ಮುಂದೆ ಓದಲು ನಮ್ಮ ಮೊದಲ ಆಯ್ಕೆ ಹದಿನಾಲ್ಕನೆಯ ಶತಮಾನದ ಕೊನೆಯ ಇಂಗ್ಲಿಷ್ ಕಾವ್ಯ ‘ಸರ್ ಗವೇನ್ ಮತ್ತು ಹಸಿರು ನೈಟ್’. ಬರೀ 2,530 ಸಾಲು, ಎರಡು ಸಂಜೆಯ ಓದು. ಹಸಿರು ನೈಟ್‌ನ ಕೊಡಲಿಯೇಟಿಗೆ ಕೊರಳೊಡ್ಡುತ್ತೇನೆಂದು ಮಾತು ಕೊಟ್ಟು ಹೊರಟ ಗವೇನ್ ದಾರಿಯಲ್ಲಿ ಅತಿಥಿಯಾಗಿರುವ ಮನೆಯಲ್ಲಿ ಒಂದು ಕರಾರು: ಯಜಮಾನ ಬೇಟೆಯಲ್ಲಿ ಗಳಿಸಿದ್ದನ್ನೂ ಅತಿಥಿ ಮನೆಯಲ್ಲಿ ಗಳಿಸಿದ್ದನ್ನೂ ಸಂಜೆ ಬದಲಾಯಿಸಿಕೊಳ್ಳಬೇಕು. ಯಜಮಾನನ ಹೆಂಡತಿ ಮೂರು ಬೆಳಗೂ ಕೋಣೆಗೆ ಬರುತ್ತಾಳೆ. ಅವಳ ಮನ ನೋಯಿಸಿದರೆ ಸೌಜನ್ಯ ಕೆಟ್ಟಿತು, ಒಲಿದರೆ ಉಂಡ ಮನೆಗೆ ದ್ರೋಹ. ಪಡೆದ ಮುತ್ತುಗಳನ್ನು ಗವೇನ್ ಪ್ರಾಮಾಣಿಕವಾಗಿ ಯಜಮಾನನಿಗೆ ಒಪ್ಪಿಸುತ್ತಾನೆ. ಮೂರನೆಯ ದಿನ ಅವಳು ಕೊಟ್ಟ, ಪ್ರಾಣ ಕಾಯುತ್ತದೆಂಬ ಹಸಿರು ನಡುಪಟ್ಟಿಯೊಂದನ್ನು ಮಾತ್ರ ಬಚ್ಚಿಡುತ್ತಾನೆ. ಆ ಒಂದು ತಪ್ಪಿಗೆ ಕೊರಳ ಮೇಲೆ ಕೊಡಲಿಯ ಗೀರು ಬೀಳುತ್ತದೆ. ಬೇಟೆಯ ವರ್ಣನೆ ಉದ್ದವಾಯಿತೆಂದು ಹಾರಿಸಬೇಡಿ. ಜಿಂಕೆ, ಹಂದಿ, ನರಿ ಎಂಬ ಕ್ರಮವನ್ನು ಆಯಾ ದಿನದ ಕೋಣೆಯ ಮಾತುಕತೆಯ ಜೊತೆಗಿಟ್ಟು ಓದಿ.

ಅದಾದ ಮೇಲೆ, ಆರ್ಥರ್ ದೊರೆಯ ಕಥೆಗಳನ್ನು ಹೇಳುವ, ಇಂಗ್ಲಿಷ್ ಲೇಖಕ ಥಾಮಸ್ ಮ್ಯಾಲರಿಯ ‘ಲ ಮೋರ್ತ್ ದಾರ್ಥರ್’. 1485ರಲ್ಲಿ ಕ್ಯಾಕ್ಸ್‌ಟನ್ ಅಚ್ಚು ಹಾಕಿದ ಈ ಗ್ರಂಥ 21 ಭಾಗಗಳ ಗದ್ಯ. ಮೊದಲಿನಿಂದ ಹೊರಟವರು ನಡುವಿನ ಟ್ರಿಸ್ಟ್ರಾಮ್ ಕಥೆಗಳಲ್ಲಿ ದಾರಿ ತಪ್ಪಿ ಕೈಬಿಡುತ್ತಾರೆ. ಮೂರನೆಯ ಭಾಗದಲ್ಲಿ ದುಂಡುಮೇಜಿನ ನೈಟ್‌ಗಳು ಮಾಡುವ ಪ್ರತಿಜ್ಞೆಯನ್ನು ಮೊದಲು ಓದಿ: ಕೊಲೆ ಮಾಡಬಾರದು, ದ್ರೋಹ ಬೇಡ, ಕರುಣೆ ಬೇಡಿದವರಿಗೆ ಕೊಡಬೇಕು, ಹೆಂಗಸರಿಗೆ ನೆರವಾಗಬೇಕು. ಆಮೇಲೆ ನೇರವಾಗಿ 20 ಮತ್ತು 21ನೆಯ ಭಾಗಗಳಿಗೆ ಹೋಗಿ. ರಾಣಿಯನ್ನು ಚಿತೆಯಿಂದ ಬಿಡಿಸುವ ಗದ್ದಲದಲ್ಲಿ ಲಾನ್ಸಲಾಟ್, ತಾನೇ ನೈಟ್ ಪದವಿ ಕೊಟ್ಟ ಗ್ಯಾರೆತ್‌ನನ್ನು, ಆಯುಧವಿಲ್ಲದೆ ನಿಂತವನನ್ನು, ಗುರುತು ಸಿಗದೆ ಕೊಲ್ಲುತ್ತಾನೆ. ಗ್ಯಾರೆತ್‌ನ ಅಣ್ಣ ಗವೇನ್ ಸೇಡಿಗೆ ನಿಲ್ಲುತ್ತಾನೆ. ಅಲ್ಲಿಂದ ರಾಜ್ಯ ಒಡೆಯುತ್ತದೆ. ಕೊಳ್ಳುವಾಗ ಮಕ್ಕಳಿಗಾಗಿ ಸಂಗ್ರಹಿಸಿದ ಪ್ರತಿ ಬೇಡ, ಪೂರ್ಣಪಾಠವನ್ನೇ ಕೇಳಿ ಪಡೆಯಿರಿ. ಸಂಗ್ರಹಗಳಲ್ಲಿ ಕತ್ತರಿ ಬೀಳುವುದು ಸಾಮಾನ್ಯವಾಗಿ ಇಂಥ ಪುಟಗಳಿಗೇ.