ಒಳ್ಳೆಯ ಇತಿಹಾಸ ಪುಸ್ತಕ ಆರಿಸುವುದು ಹೇಗೆ?

ಇತಿಹಾಸ ಓದುವ ಆಸೆ ಇದೆ, ಆದರೆ ಯಾವ ಪುಸ್ತಕವನ್ನು ನಂಬಬೇಕೋ ತಿಳಿಯುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಪುಸ್ತಕ ಕೈಗೆ ಬಂದ ಕೂಡಲೇ ಕೊನೆಯ ಪುಟಗಳನ್ನು ತೆರೆಯುತ್ತೇನೆ. ಟಿಪ್ಪಣಿ, ಆಕರಗಳ ಪಟ್ಟಿ ಇದೆಯಾ ನೋಡುತ್ತೇನೆ. ಆಮೇಲೆ ನಡುವಿನ ಒಂದೆರಡು ಪುಟ ಓದಿ, "ಇದು ಇವರಿಗೆ ಹೇಗೆ ಗೊತ್ತಾಯಿತು?" ಅಂತ ಕೇಳಿಕೊಳ್ಳುತ್ತೇನೆ.

ಮೊದಲೆಲ್ಲ ಹೀಗೆ ನೋಡುತ್ತಿರಲಿಲ್ಲ. ಒಂದು ದಪ್ಪ ಪುಸ್ತಕದಲ್ಲಿ, ಯುದ್ಧದ ಹಿಂದಿನ ರಾತ್ರಿ ರಾಜ ಮಂತ್ರಿಯ ಹತ್ತಿರ ಆಡಿದ ಮಾತೆಲ್ಲ ಇತ್ತು. ವರ್ಷಗಟ್ಟಲೆ ಅದನ್ನು ನಿಜ ಅಂದುಕೊಂಡಿದ್ದೆ. ಆ ಮಾತಿಗೆ ಯಾವ ದಾಖಲೆಯೂ ಇಲ್ಲ ಅಂತ ತಿಳಿದಾಗ ತುಂಬಾ ಬೇಜಾರಾಯಿತು. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಇತಿಹಾಸಕಾರ ಥುಸಿಡಿಡೀಸ್ ತನ್ನ ಕಾಲದ ಯುದ್ಧದ ಬಗ್ಗೆ ಬರೆದ. ಭಾಷಣಗಳನ್ನು ಇದ್ದದ್ದು ಇದ್ದಂತೆ ನೆನಪಿಡುವುದು ಕಷ್ಟ, ಹಾಗಾಗಿ ಸಂದರ್ಭಕ್ಕೆ ತಕ್ಕ ಹಾಗೆ ಬರೆದಿದ್ದೇನೆ ಅಂತ ಓದುಗರಿಗೆ ಮೊದಲೇ ಹೇಳಿಬಿಟ್ಟ. ಈ ಪ್ರಾಮಾಣಿಕತೆಯನ್ನೇ ನಾನು ಹುಡುಕುವುದು. "ಇಲ್ಲಿ ಸಾಕ್ಷಿ ಸಾಲದು" ಅಂತ ಒಪ್ಪಿಕೊಳ್ಳುವ ಲೇಖಕರ ಮೇಲೆ ನನಗೆ ನಂಬಿಕೆ ಜಾಸ್ತಿ.

ಪುಸ್ತಕ ಮೊದಲು ಅಚ್ಚಾದ ವರ್ಷವನ್ನೂ ನೋಡಿ. 1940ರಲ್ಲಿ ರಷ್ಯಾದ ಕಟಿನ್ ಕಾಡು ಮತ್ತು ಬೇರೆ ಕಡೆಗಳಲ್ಲಿ ಸುಮಾರು 22,000 ಪೋಲೆಂಡಿನವರನ್ನು ಕೊಂದದ್ದು ಸೋವಿಯತ್ ಗುಪ್ತ ಪೊಲೀಸರು. ಆದರೆ ಸೋವಿಯತ್ ಸರ್ಕಾರ ಆ ತಪ್ಪನ್ನು ಜರ್ಮನ್ನರ ಮೇಲೆ ಹೊರಿಸುತ್ತಾ ಬಂತು. ಕೊನೆಗೆ ಒಪ್ಪಿಕೊಂಡದ್ದು 1990ರಲ್ಲಿ. ಕೊಲ್ಲಲು ಅನುಮತಿ ಕೊಟ್ಟ ಕಾಗದ ಹೊರಗೆ ಬಂದದ್ದು 1992ರಲ್ಲಿ. ಅದಕ್ಕೂ ಮುಂಚೆ ಬರೆದವರು ಎಷ್ಟೇ ಕಷ್ಟಪಟ್ಟಿದ್ದರೂ ಆ ಕಾಗದ ಅವರ ಕೈಗೆ ಸಿಗುವ ಹಾಗಿರಲಿಲ್ಲ, ಅಲ್ವಾ? ಹಾಗಂತ ಹಳೆಯ ಪುಸ್ತಕ ಬೇಡ ಅನ್ನುತ್ತಿಲ್ಲ. ಅದರ ಜೊತೆಗೆ ಹೊಸದೊಂದನ್ನೂ ಓದಿ.

ಇಡೀ ಜಗತ್ತಿನ ಇತಿಹಾಸವನ್ನು ಒಂದೇ ಪುಸ್ತಕದಲ್ಲಿ ಹೇಳುವಂಥದ್ದನ್ನು ಮೊದಲು ತೆಗೆದುಕೊಳ್ಳಬೇಡಿ. ಹೆಸರು, ಇಸವಿಗಳ ಸಾಲು ನೋಡಿಯೇ ಸುಸ್ತಾಗುತ್ತದೆ. ಒಂದು ಬರಗಾಲ, ಒಂದು ಬಂಡಾಯ, ಒಂದು ಊರು, ಹೀಗೆ ಚಿಕ್ಕದನ್ನು ಆರಿಸಿ. ಅದೇ ವಿಷಯದ ಮೇಲೆ ಬೇರೆ ನಿಲುವಿನ ಇನ್ನೊಬ್ಬರು ಬರೆದದ್ದನ್ನೂ ತನ್ನಿ. ಒಂದೇ ಪತ್ರವನ್ನು ಇಬ್ಬರೂ ಬೇರೆ ಬೇರೆ ಅರ್ಥ ಮಾಡಿರುವುದು ಕಂಡರೆ ಗಾಬರಿಯಾಗಬೇಡಿ, ನನಗೆ ಇತಿಹಾಸದ ರುಚಿ ಹತ್ತಿದ್ದೇ ಅಲ್ಲಿ. ಆಗ ಇಬ್ಬರ ಆಕರಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಇರುವ ಪುಸ್ತಕವೇ ನೀವು ಓದಬೇಕಾದ ಮೂರನೆಯದು.