ಸಂಪಾದಕರ ಉತ್ತರ: ಕೆಮಾರ್ಟ್ ಆಫೀಸು ಹೋಯಿತು, ಆ ಜಾಗವನ್ನು ಏನಂತ ಕರೆಯೋಣ?

(ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ. ತೊಂಬತ್ತರ ದಶಕದಲ್ಲಿ ಅವರು ಅಲ್ಲಿನ ಕೆಮಾರ್ಟ್ ಮುಖ್ಯ ಕಚೇರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರ್ ಕೆಲಸ ಮಾಡಿದವರು. ಪಾಳುಬಿದ್ದಿದ್ದ ಆ ಕಟ್ಟಡವನ್ನು ಕೆಡವಿದ್ದು ಅವರಿಗೆ ಬೇಜಾರು ತಂದಿದೆ. "ಮೆಜೆಸ್ಟಿಕ್ ಟಾಕೀಸು ಹೋದರೂ ಬೆಂಗಳೂರಲ್ಲಿ ಮೆಜೆಸ್ಟಿಕ್ ಉಳಿದಿದೆ. ಇಲ್ಲೂ ಕೆಮಾರ್ಟ್ ಹೆಸರು ಹಾಗೇ ಉಳಿಯುತ್ತಾ? ಅಷ್ಟಕ್ಕೂ ಅಂಗಡಿ ಕಂಪನಿಯೊಂದರ ಆಫೀಸನ್ನು ನೆನಪಿಟ್ಟುಕೊಳ್ಳಬೇಕಾ?" ಎಂದು ಕೇಳಿದ್ದಾರೆ.)

ನಮಸ್ಕಾರ. ಹೆಸರು ತಾನಾಗಿ ಉಳಿಯುವುದು ಕಷ್ಟ. ನೆನಪಿಟ್ಟುಕೊಳ್ಳಬೇಕಾ ಅಂದರೆ, ಖಂಡಿತ ಬೇಕು.

ಮೆಜೆಸ್ಟಿಕ್ ಉಳಿದದ್ದು ಟಾಕೀಸಿನ ಮೇಲಿನ ಪ್ರೀತಿಯಿಂದಲ್ಲ. ಕಂಡಕ್ಟರು ದಿನಾ ಕೂಗಿದ, ಜನ ದಿನಾ ಅಲ್ಲಿ ಇಳಿದರು. ನಿಮ್ಮದು ಕಾರಿನ ಊರು. ಬಿಗ್ ಬೀವರ್ ರಸ್ತೆ, ಕೂಲಿಜ್ ರಸ್ತೆ ಸೇರುವ ಕಡೆ ಯಾರೂ ಇಳಿಯುವುದಿಲ್ಲ, ಹಾದು ಹೋಗುತ್ತಾರೆ. ಗುರುತು ಹೇಳುವುದಕ್ಕೆ ನಿಮ್ಮಲ್ಲಿ ಮೈಲಿ ಲೆಕ್ಕದ ರಸ್ತೆಗಳಿವೆ. ಬಿಗ್ ಬೀವರ್ ಅಂದರೇನೇ 16 ಮೈಲ್ ರಸ್ತೆ ಅಲ್ವಾ? ಎದುರಿಗೆ ಸಾಮರ್‌ಸೆಟ್ ಮಾಲ್ ಬೇರೆ ಇದೆ. ಇಷ್ಟೆಲ್ಲ ಇರುವಾಗ ಇಲ್ಲದ ಕಟ್ಟಡದ ಹೆಸರು ಯಾರಿಗೆ ಬೇಕು?

ಕಟ್ಟಡ ನಿಂತಿದ್ದರೆ ಮಾತು ಬೇರೆ. ಶಿಕಾಗೊದ 110 ಅಂತಸ್ತಿನ ಸಿಯರ್ಸ್ ಟವರ್ ನೋಡಿ. ಸಿಯರ್ಸ್ ಎಂಬ ಅಂಗಡಿ ಕಂಪನಿ ಕಟ್ಟಿಸಿದ್ದು, 1973ರಲ್ಲಿ ಮುಗಿದ ಕಟ್ಟಡ. ಅದನ್ನು ನಿಲ್ಲಿಸಿದ ಎಂಜಿನಿಯರ್ ಢಾಕಾದ ಕಡೆಯ ಫಜ್ಲುರ್ ರೆಹಮಾನ್ ಖಾನ್. ತೊಂಬತ್ತರ ದಶಕದಲ್ಲೇ ಸಿಯರ್ಸ್‌ನವರು ಅದನ್ನು ಬಿಟ್ಟು ಊರಾಚೆ ಹೋದರು. 2009ರಲ್ಲಿ ವಿಲ್ಲಿಸ್ ಟವರ್ ಅಂತ ಬೋರ್ಡು ಬದಲಾಯಿತು. ಊರವರ ಬಾಯಲ್ಲಿ ಮಾತ್ರ ಇವತ್ತಿಗೂ ಸಿಯರ್ಸೇ. ನ್ಯೂಯಾರ್ಕಿನ ವೂಲ್‌ವರ್ತ್ ಕಟ್ಟಡವಂತೂ ಹೆಸರು ಉಳಿಸಿಕೊಳ್ಳಲೆಂದೇ ಕಟ್ಟಿದ ಹಾಗಿದೆ. 1913ರದು. ಒಳಗಿನ ಹಜಾರದಲ್ಲಿ ವೂಲ್‌ವರ್ತ್ ಸಾಹೇಬರು ಚಿಲ್ಲರೆ ಕಾಸು ಎಣಿಸುತ್ತಾ ಕೂತ ತಮಾಷೆಯ ಗೊಂಬೆಯನ್ನೇ ಕೆತ್ತಿಸಿದ್ದಾರೆ. ಐದು, ಹತ್ತು ಸೆಂಟಿನ ಸಾಮಾನು ಮಾರಿ ಗಳಿಸಿದ ದುಡ್ಡು ತಾನೆ! ಅಂಗಡಿಗಳು ಮುಚ್ಚಿ ಎಷ್ಟೋ ವರ್ಷವಾಯಿತು. ಗೊಂಬೆ ಇದೆ, ಹೆಸರೂ ಇದೆ.

ನಿಮ್ಮ ಕೆಮಾರ್ಟಿನವರದೂ ಮೊದಲು ಅದೇ ವ್ಯಾಪಾರ. 'ಕೆ' ಅಂದರೆ ಕ್ರೆಸ್ಗಿ, ಕಂಪನಿ ಶುರು ಮಾಡಿದವರ ಹೆಸರು. ಈ ಕಂಪನಿ ಮುಖ್ಯ ಕಚೇರಿ ಬಿಟ್ಟು ಹೋಗಿದ್ದು ಟ್ರಾಯ್‌ನಲ್ಲೇ ಮೊದಲಲ್ಲ. ಡೆಟ್ರಾಯ್ಟ್ ಪೇಟೆಯಲ್ಲಿ 1914ರಲ್ಲಿ ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿ ಈ ಕಂಪನಿಗೆ 18 ಅಂತಸ್ತಿನ ಕಚೇರಿ ಕಟ್ಟಿಕೊಟ್ಟರು. 1930ರ ಹೊತ್ತಿಗೆ ಅದು ಸಾಲದೆ, ಅದೇ ಕಾನ್ ಕೈಲಿ ಇನ್ನೊಂದು ಕಟ್ಟಿಸಿಕೊಂಡು ಹೋದರು. ಹಳೆಯದರ ಹೆಸರು ಕೇಲ್ಸ್ ಬಿಲ್ಡಿಂಗ್ ಅಂತಾಯಿತು. ಆಮೇಲೆ ಅದೂ ವರ್ಷಗಟ್ಟಲೆ ಖಾಲಿ ಬಿತ್ತು, ಈಗ ಅಲ್ಲಿ ಜನ ಬಾಡಿಗೆಗಿದ್ದಾರೆ. ಕ್ರೆಸ್ಗಿ ಅಂದರೆ ಅಲ್ಲಿ ಎಷ್ಟು ಮಂದಿಗೆ ಗೊತ್ತಾದೀತು! ಮೂರನೆಯದು ನೀವು ಕೆಲಸ ಮಾಡಿದ್ದು, 1972ರದು. ಎತ್ತರವಿಲ್ಲ, ಗೋಪುರವಿಲ್ಲ, ಒಂದಕ್ಕೊಂದು ಅಂಟಿಕೊಂಡು ಅಗಲಕ್ಕೆ ಹರಡಿದ ಬ್ಲಾಕುಗಳು. ದೂರದಿಂದ ಗುರುತು ಹಿಡಿಯುವಂಥದ್ದೇ ಅಲ್ಲ.

2002ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2005ರಲ್ಲಿ ಸಿಯರ್ಸ್ ಜೊತೆ ಸೇರಿತು, ಕಚೇರಿ ಶಿಕಾಗೊ ಕಡೆಗೆ ಹೋಯಿತು. ಕಟ್ಟಡ ಸುಮಾರು 17 ವರ್ಷ ಖಾಲಿ ನಿಂತು 2023ರ ಕೊನೆಗೆ ಬುಲ್ಡೋಜರ್ ಬಂತು. ಜಾಗ ಈಗ ಮಿಷಿಗನ್ ವಿಶ್ವವಿದ್ಯಾಲಯದ ಪಾಲು. ಅಲ್ಲಿ ಚಿಕಿತ್ಸಾ ಕೇಂದ್ರ ಬರಲಿದೆ.

ಕ್ರೆಸ್ಗಿ ಹೆಸರು ಚೆನ್ನಾಗಿ ಉಳಿದಿರುವುದು ಎಲ್ಲಿ ಗೊತ್ತಾ? ಅವರು 1924ರಲ್ಲಿ ಶುರು ಮಾಡಿದ ದತ್ತಿ ಸಂಸ್ಥೆಯಲ್ಲಿ. ಅದು ದಶಕಗಳ ಕಾಲ ನಡೆದದ್ದು ಅದೇ ಬಿಗ್ ಬೀವರ್ ರಸ್ತೆಯಲ್ಲಿ, ಒಂದು ಹಳೇ ತೋಟದ ಮನೆಯಲ್ಲಿ.

ಕಂಪನಿಯನ್ನು ಹೊಗಳಬೇಕು ಅಂತ ನಾನು ಹೇಳುತ್ತಿಲ್ಲ. ಅಂಗಡಿಗಳು ಮುಚ್ಚಿದಾಗ ಸಾವಿರಾರು ಜನ ಮನೆಗೆ ಹೋದರು, ಅದನ್ನೂ ಬರೆದಿಡಬೇಕು. ಆದರೆ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಲ್ಲಿ ಯಾವ ಚಪ್ಪಲಿ, ಯಾವ ಬಾಣಲೆ ಇರಬೇಕು ಅನ್ನುವುದು ಆ ಕಟ್ಟಡದಲ್ಲಿ ತೀರ್ಮಾನವಾಗುತ್ತಿತ್ತು. ಅಂಗಡಿಯಲ್ಲಿ ದಿಢೀರ್ ರಿಯಾಯಿತಿಯ ನೀಲಿ ದೀಪ ಮಿನುಗಿದರೆ ಜನ ಆ ಕಡೆ ಓಡುತ್ತಿದ್ದರಲ್ಲ, ಅದನ್ನು ಎಲ್ಲರೂ ನೆನೆಯುತ್ತಾರೆ. ಆ ಸಾಮಾನಿನ ಲೆಕ್ಕ ಇಟ್ಟವರನ್ನು ಯಾರೂ ನೆನೆಯುವುದಿಲ್ಲ. ನೀವು ಆ ಪೈಕಿ ಒಬ್ಬರು.

ಹಾಗಾಗಿ ಸ್ಮಾರಕ, ರಸ್ತೆಗೆ ಹೆಸರು ಅಂತ ಸುಮ್ನೆ ಓಡಾಡಬೇಡಿ. ಚಿಕಿತ್ಸಾ ಕೇಂದ್ರದವರನ್ನು ಒಂದು ಗೋಡೆ ಕೇಳಿ, ಹಳೆಯ ಕಟ್ಟಡದ ಫೋಟೊ, ಇಸವಿ, ಎರಡು ಸಾಲು ಸಾಕು. ನಿಮ್ಮ ಹತ್ತಿರ ಇರುವ ಗುರುತಿನ ಚೀಟಿ, ಫೋನ್ ಪಟ್ಟಿ, ಬೀಳ್ಕೊಡುಗೆಯ ಫೋಟೊಗಳನ್ನು ಊರಿನ ಇತಿಹಾಸದ ಮ್ಯೂಸಿಯಂ ಆದ ಟ್ರಾಯ್ ಹಿಸ್ಟಾರಿಕ್ ವಿಲೇಜಿನವರಿಗೆ ತೋರಿಸಿ. ಕೊಡುವ ಮೊದಲು ಪ್ರತಿ ಫೋಟೊ ಹಿಂದೆ ಪೆನ್ಸಿಲ್‌ನಲ್ಲಿ ಬರೆಯಿರಿ: ಯಾರು, ಯಾವ ವಿಭಾಗ, ಯಾವ ವರ್ಷ. ಬಾಲ್ ಪೆನ್ ಬೇಡ, ಫೋಟೊದ ಮುಂಭಾಗಕ್ಕೆ ಅಚ್ಚು ಬೀಳುತ್ತದೆ. ನಮಗೂ ಒಂದೆರಡು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ