ಬರವಲ್ಲ, ಹುಸಿ ಮಳೆ

ಮಾನ್ಯರೇ,

ಮಳೆಗೆ ತುಂಬಿ ಬೇಸಿಗೆಗೆ ಬತ್ತುವ ತಾತ್ಕಾಲಿಕ ಹೊಂಡಗಳಲ್ಲಿ ಬದುಕುವ ಪುಟ್ಟ ಕಿಲಿಮೀನುಗಳನ್ನು (killifish) ಕುರಿತ ತಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹೊಂಡ ಬತ್ತುವ ದೃಶ್ಯ ಸೊಗಸಾಗಿದೆ. ಆದರೆ ಲೇಖನ ನಿಂತಿರುವುದು, ತಾಯಿಮೀನು ಬರವನ್ನು ಮುಂಗಂಡು ಕೆಸರಿನಲ್ಲಿ ಮೊಟ್ಟೆಯಿಡುತ್ತದೆ, ಮೊದಲ ಮಳೆಗೆ ಅವೆಲ್ಲವೂ ಒಟ್ಟಿಗೆ ಒಡೆಯುತ್ತವೆ ಎಂಬ ಮಾತಿನ ಮೇಲೆ. ಆ ಮಾತೇ ತಪ್ಪು.

ಬರ ಈ ಮೀನಿಗೆ ಹೊಸದಲ್ಲ. ಜಿಂಬಾಬ್ವೆ, ಮೊಜಾಂಬಿಕ್‌ಗಳ ನೊಥೊಬ್ರಾಂಕಿಯಸ್ ಫರ್ಜೆರಿ ಎಂಬ ಕಿಲಿಮೀನು ಕೆಲವೇ ವಾರಗಳಲ್ಲಿ ಪ್ರಾಯಕ್ಕೆ ಬಂದು, ಮೊಟ್ಟೆಯಿಟ್ಟು, ಹೊಂಡದೊಡನೆ ತಾನೂ ಮುಗಿಯುತ್ತದೆ. ನಂಬಲಾಗದ್ದು ಮಳೆ. ಒಂದು ಹದ ಮಳೆಗೆ ಹೊಂಡ ತುಂಬಿ, ಮರಿಗಳು ಹೊರಬಂದು, ಅವು ಪ್ರಾಯಕ್ಕೆ ಬರುವ ಮುನ್ನವೇ ನೀರು ಇಂಗಿದರೆ, ಒಟ್ಟಿಗೆ ಹುಟ್ಟಿದ ಪೀಳಿಗೆ ಒಟ್ಟಿಗೇ ಸಾಯುತ್ತದೆ. ತಾವು ಬರೆದಂತೆ ನಡೆಯುತ್ತಿದ್ದರೆ ಈ ಮೀನಿನ ವಂಶ ಎಂದೋ ಅಳಿಯುತ್ತಿತ್ತು.

ಅಳಿಯದಿರುವುದಕ್ಕೆ ಕಾರಣ ಭ್ರೂಣದಲ್ಲಿದೆ. ಅದರ ಬೆಳವಣಿಗೆ ಮೂರು ಹಂತಗಳಲ್ಲಿ ನಿಲ್ಲಬಲ್ಲದು ಎಂದು ಜೀವವಿಜ್ಞಾನಿ ಜಾನ್ ವುರ್ಮ್ಸ್ 1972ರಲ್ಲಿ ವಿವರಿಸಿದರು: ಜೀವಕೋಶಗಳು ಇನ್ನೂ ಚದುರಿಕೊಂಡಿರುವಾಗ ಒಮ್ಮೆ, ಮಿದುಳು ಮತ್ತು ಹೃದಯದ ತಳಹದಿ ಮೂಡಿದ ಮೇಲೆ ಮತ್ತೊಮ್ಮೆ, ಮರಿ ಪೂರ್ಣಗೊಂಡು ಒಡೆಯಲು ಸಿದ್ಧವಾದಾಗ ಕೊನೆಯದಾಗಿ. ಎಲ್ಲ ಮೊಟ್ಟೆಗಳೂ ಎಲ್ಲ ಹಂತಗಳಲ್ಲಿ ನಿಲ್ಲುವುದಿಲ್ಲ. ನಿಂತವೂ ಒಂದೇ ಕಾಲಕ್ಕೆ ಎಚ್ಚರಗೊಳ್ಳುವುದಿಲ್ಲ. ವೆನೆಜುವೆಲಾದ ಆಸ್ಟ್ರೊಫಂಡ್ಯುಲಸ್ ಲಿಮ್ನಿಯಸ್ ಎಂಬ ಇನ್ನೊಂದು ಕಿಲಿಮೀನಿನ ಭ್ರೂಣಗಳು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡನೆಯ ನಿಲುಗಡೆಗೆ ಜಾರುತ್ತವೆ, 30 ಡಿಗ್ರಿಯಲ್ಲಿ ಅದನ್ನು ದಾಟಿ ನೇರವಾಗಿ ಬೆಳೆಯುತ್ತವೆ. ನಡುವಣ ಉಷ್ಣತೆಯಲ್ಲಿ ಎರಡೂ ಬಗೆಯವು ಸಿಗುತ್ತವೆ. ಹೀಗೆ ಒಂದು ಮಳೆ ಮೋಸ ಮಾಡಿದರೂ ಕೆಸರಿನಲ್ಲಿ ಇನ್ನಷ್ಟು ಮೊಟ್ಟೆಗಳು ಉಳಿದಿರುತ್ತವೆ. ಇದಕ್ಕೆ ತಾಯಿಯ ಮುಂದಾಲೋಚನೆ ಬೇಕಿಲ್ಲ, ಮೊಟ್ಟೆಗಳ ನಡುವಿನ ಭಿನ್ನತೆ ಸಾಕು.

ಮೊಟ್ಟೆಗಳು "ಬೀಜದಂತೆ ಒಣಗುತ್ತವೆ" ಎಂದಿದ್ದೀರಿ. ಒಣಗುವುದು ಕೆಸರು, ದಪ್ಪ ಹೊರಪೊರೆಯ ಒಳಗಿರುವ ಭ್ರೂಣ ತನ್ನ ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೂ ಬೀಜದ ಹೋಲಿಕೆಯನ್ನು ಕೈಬಿಡಬೇಡಿ, ಬೇರೆ ಕಾರಣಕ್ಕೆ ಬಳಸಿ: ಮಳೆ ನೆಚ್ಚಲಾಗದ ಕಡೆ ಎಲ್ಲ ಬೀಜಗಳೂ ಒಂದೇ ವರ್ಷ ಮೊಳೆಯದಿರುವುದು ಸಸ್ಯಕ್ಕೆ ಏಕೆ ಲಾಭವೆಂಬುದನ್ನು 1966ರಲ್ಲಿ ಜೀವವಿಜ್ಞಾನಿ ಡಾನ್ ಕೋಹೆನ್ ಗಣಿತದಿಂದ ತೋರಿಸಿದ್ದರು, ಮತ್ತು ಅದೇ ಲೆಕ್ಕ ಈ ಮೊಟ್ಟೆಗಳಿಗೂ ಹೊಂದುತ್ತದೆ. ("ಪ್ರಕೃತಿಯ ಪವಾಡ" ಎಂಬುದು ನಾಲ್ಕು ಕಡೆ ಬಂದಿದೆ, ನಾಲ್ಕನ್ನೂ ಹೊಡೆದುಹಾಕಿದ್ದೇನೆ.)

ತಾಯಿಮೀನಿನ ಪುಟವನ್ನು ತೆಗೆದು, ಹುಸಿ ಮಳೆಯಿಂದಲೇ ಲೇಖನವನ್ನು ಆರಂಭಿಸಿ ಮರಳಿ ಕಳುಹಿಸಿದರೆ ಖಂಡಿತ ಓದುತ್ತೇನೆ.

ಇತಿ,
ಸಂಪಾದಕ